ಜೋಡಿ ಮುರಿದ ಗೇರು

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅನ್ನುತ್ತಾರೆ. ಕಲೀಮುಲ್ಲಾ ಮತ್ತು ಸೊಹೇಲ್ ಅಷ್ಟು ಅವಸರ ಮಾಡಲಿಲ್ಲ. ಗಡ್ಡದಲ್ಲಿ ಬಿಳಿ ಕೂದಲು ಇಣುಕುವ ತನಕ ಚೆನ್ನಾಗಿಯೇ ಇದ್ದರು. ಅಪ್ಪ ಗುಲಾಮ್ ದಸ್ತಗೀರರ ನಲವತ್ತನೆಯ ದಿನದ ಫಾತಿಹಾ ಮುಗಿದದ್ದೇ ತಡ, ಒಬ್ಬರ ಮುಖ ಒಬ್ಬರಿಗೆ ಆಗದ ಹಾಗೆ ಕಚ್ಚಾಡಿದರು.

ಅಪ್ಪ ತೀರಿದ ದಿನ ಸೊಹೇಲ್ ಹೈದರಾಬಾದಿನಲ್ಲಿದ್ದ. ಅಲ್ಲೊಂದು ದೊಡ್ಡ ಸೈಕಲ್ ಅಂಗಡಿಯಲ್ಲಿ ಒಂದು ವರ್ಷದಿಂದ ಕೆಲಸಕ್ಕಿದ್ದ. ಸುದ್ದಿ ತಿಳಿದು ಬಸ್ಸು ಹತ್ತಿದವನು ಶಕ್ತಿನಗರ ದಾಟುವಷ್ಟರಲ್ಲಿ ಇತ್ತ ಕಲೀಮುಲ್ಲಾ ದಫನ್ ಮುಗಿಸಿಬಿಟ್ಟಿದ್ದ. ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಹೆಣ ಎಷ್ಟು ಹೊತ್ತು ಇಟ್ಟುಕೊಂಡು ಕೂರಬೇಕು ಎಂದು ಅಣ್ಣನ ವಾದ. ಹೆತ್ತ ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕುವುದನ್ನೂ ತಪ್ಪಿಸಿದ ಎಂದು ತಮ್ಮನ ಸಂಕಟ. ವರ್ಷವಿಡೀ ಹಾಸಿಗೆ ಹಿಡಿದ ಅಪ್ಪನ ಕಡೆ ತಿರುಗಿ ನೋಡದವನಿಗೆ ಈಗ ಮಣ್ಣಿನ ಚಿಂತೆ ಬಂತೇ ಎಂದು ಮತ್ತೆ ಅಣ್ಣ. ಇಬ್ಬರ ಮಾತಿನಲ್ಲೂ ನಿಜವಿತ್ತು, ಹಾಗಾಗಿ ಜಗಳ ಬಗೆಹರಿಯುವ ಮಾತೇ ಇರಲಿಲ್ಲ.

ಕಡೆಗೆ ತೀನ್ ಕಂದೀಲ್ ಹತ್ತಿರದ ಅಪ್ಪನ ಸೈಕಲ್ ಅಂಗಡಿ ಪಾಲಾಗುವುದೆಂದು ತೀರ್ಮಾನವಾಯಿತು. ಪಂಚಾಯಿತಿಗೆ ಕರೆದದ್ದು ಓಣಿಯ ಹಿರಿಯ ಪೀರಾ ಸಾಬರನ್ನು. ಅವರು ಸಾಮಾನನ್ನೆಲ್ಲ ಅಂಗಡಿಯ ನಡುವೆ ರಾಶಿ ಹಾಕಿಸಿದರು.

"ಕೈಗೊಂದು ಎತ್ತಿಕೊಳ್ರಿ. ದೊಡ್ಡವ ಒಂದು, ಸಣ್ಣವ ಒಂದು. ಜಗಳಿಲ್ಲ, ಗೋಳಿಲ್ಲ" ಎಂದರು.

ಗೋಣಿಯ ಮೇಲೆ ಕಾಳು ಹಂಚುವುದಾದರೆ ಈ ಪದ್ಧತಿ ಸರಿ. ಗೇರ್ ಸೈಕಲ್ಲಿನ ಸಾಮಾನು ಹಾಗಲ್ಲವಲ್ಲ! ಅದರಲ್ಲಿ ಹ್ಯಾಂಡಲ್ಲಿನ ಮೇಲೆ ಬೆರಳಿನಿಂದ ಒತ್ತುವ ಶಿಫ್ಟರ್ ಒಂದು, ಹಿಂದಿನ ಚಕ್ರದ ಪಕ್ಕ ಜೋತುಬಿದ್ದು ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಇನ್ನೊಂದು. ನಡುವೆ ಒಂದು ವೈರು. ಶಿಫ್ಟರ್ ಎಷ್ಟು ಎಳೆಯುತ್ತದೋ ಅಷ್ಟೇ ಎಳೆತಕ್ಕೆ ಸರಿಯುವ ಡಿರೇಲರೇ ಅದಕ್ಕೆ ಜೋಡಿ. ಬೇರೆಯದನ್ನು ಕಟ್ಟಿದರೆ ಎತ್ತು ಏರಿಗೆಳೆಯುತ್ತದೆ, ಕೋಣ ನೀರಿಗೆಳೆಯುತ್ತದೆ.

ಕಲೀಮುಲ್ಲಾ ಮೊದಲ ಸರದಿಗೆ ರಾಶಿಯಲ್ಲೇ ಒಳ್ಳೆಯ ಡಿರೇಲರನ್ನು ಎತ್ತಿದ. ಸೊಹೇಲ್ ಬೇರೆ ಏನಾದರೂ ಎತ್ತಬಹುದಿತ್ತು. ಅಣ್ಣನ ಮುಖವನ್ನೇ ನೋಡುತ್ತ ಅದರ ಜೋಡಿಯ ಶಿಫ್ಟರನ್ನು ಎತ್ತಿದ. ಕಲೀಮುಲ್ಲಾನಿಗೆ ಮೈ ಉರಿಯಿತು. ಇನ್ನೊಂದು ಡಿರೇಲರ್ ಎತ್ತಿದ, ತಮ್ಮ ಅದರ ಶಿಫ್ಟರನ್ನೂ ಎತ್ತಿದ. ಆಮೇಲೆ ಇಬ್ಬರಿಗೂ ಹಟ ಹತ್ತಿತು. ಮಧ್ಯಾಹ್ನದ ಜೊಹರ್ ನಮಾಜಿನ ಹೊತ್ತಿಗೆ ಅಂಗಡಿಯ ಡಿರೇಲರುಗಳೆಲ್ಲ ಒಬ್ಬನ ಪಾಲಿಗೆ, ಶಿಫ್ಟರುಗಳೆಲ್ಲ ಇನ್ನೊಬ್ಬನ ಪಾಲಿಗೆ ಬಂದವು. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡುವುದು ಎಂದರೆ ಇದೇ. ಬಜಾರಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು, ಮೇಲೆ ಎರಡು ಬೋರ್ಡು ಬಂದವು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಈ ಅಣ್ಣತಮ್ಮಂದಿರು ಅಂದಿನಿಂದ ಒಬ್ಬರೊಡನೊಬ್ಬರು ಮಾತಾಡಲೇಬೇಕಾಗಿ ಬಂದರೆ ಗಿರಾಕಿಗಳ ಹತ್ತಿರ ಆಡುವ ಕನ್ನಡದಲ್ಲೇ ಆಡುತ್ತಿದ್ದರು. "ನಿಮ್ಮ ಗಾಡಿ ಸರಸ್ರಿ", "ನಿಮ್ಮ ಕಸ ಈ ಕಡಿ ಬಂದದ್ರಿ", ಅಷ್ಟೇ. ಬಹುವಚನದಲ್ಲಿ ಇಷ್ಟು ವಿಷ ತುಂಬಬಹುದೆಂದು ತಾಯಿ ಶಹಜಾದಿ ಬೇಗಂಗೆ ಆಗಲೇ ಗೊತ್ತಾದದ್ದು.

ಹೀಗೇ ಎರಡು ವರ್ಷ ಕಳೆಯಿತು, ಇನ್ನೂ ಇಪ್ಪತ್ತು ವರ್ಷ ಕಳೆಯುತ್ತಿತ್ತೋ ಏನೋ. ನಡುವೆ ಆತಿಯಾ ಬಂದಳು.

ಆತಿಯಾ ಕಲೀಮುಲ್ಲಾನ ಒಬ್ಬಳೇ ಮಗಳು, ಪಿಯುಸಿ ಓದುತ್ತಿದ್ದಳು. ಬೆಳಗಾದರೆ ಮಾನ್ವಿ ರಸ್ತೆಯಲ್ಲಿ ಕಲ್ಲೂರಿನ ತನಕ ಸೈಕಲ್ ತುಳಿದು ಬರುವ ಹುಡುಗಿ. ಭತ್ತದ ಲಾರಿಗಳ ಡ್ರೈವರುಗಳು ಮೊದಮೊದಲು ಹಾರ್ನ್ ಹೊಡೆದು ಚುಡಾಯಿಸುತ್ತಿದ್ದರು, ಆಮೇಲಾಮೇಲೆ ದಾರಿ ಬಿಟ್ಟುಕೊಡಲು ಕಲಿತರು. ಜಿಲ್ಲೆಯಲ್ಲಿ ಅವಳಿಗೆ ಸಮ ಇಲ್ಲ ಎನ್ನುವುದು ದೈಹಿಕ ಶಿಕ್ಷಕ ಬೀರೇಶ ಮಾಸ್ತರರ ಮಾತು. ಬರುವ ರವಿವಾರ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯ ಪಂದ್ಯವಿತ್ತು. ದೇವದುರ್ಗದಿಂದ ಹೊರಟು, ಅರಕೇರಾ, ಸಿರವಾರ ದಾಟಿ ಮಾನ್ವಿಗೆ. ಮೊದಲು ಮುಟ್ಟಿದ ಮೂವರಿಗೆ ಮಾತ್ರ ಸೀಟು. ಈ ವರ್ಷ ತಪ್ಪಿದರೆ ಅವಳ ವಯಸ್ಸು ಮೀರುತ್ತಿತ್ತು.

ಕಲೀಮುಲ್ಲಾನಿಗೂ ಈ ಸೀಟು ಬೇಕಿತ್ತು, ಮಗಳಿಗಿಂತ ಒಂದು ಗುಂಜಿ ಹೆಚ್ಚೇ ಬೇಕಿತ್ತು. ಈ ಪಂದ್ಯಕ್ಕೆಂದು ಅವಳ ಸೈಕಲ್ಲನ್ನು ಅವನೇ ಹೊಸದಾಗಿ ಕೈಯಾರೆ ಕಟ್ಟಿದ್ದ. ತನ್ನ ಪಾಲಿಗೆ ಬಂದ ಆ ಮೊದಲ ಡಿರೇಲರನ್ನೇ ಹಾಕಿದ್ದ, ಗುಡ್ಡ ಹತ್ತುವ ಸೈಕಲ್ಲಿಗೆಂದು ಮಾಡಿದ ಹತ್ತು ಗೇರಿನದು. ಅದರ ಶಿಫ್ಟರ್ ಪ್ಲೈವುಡ್ ಗೋಡೆಯ ಆಚೆ ಇತ್ತು. ಇರಲಿ, ಅವನ ಹಂಗೇನು ಎಂದು ಫೋನಿನಲ್ಲಿ ಒಂದು ಶಿಫ್ಟರ್ ತರಿಸಿದ. ಅವಸರದಲ್ಲಿ ಹತ್ತು ಗೇರು ಎನ್ನುವುದನ್ನು ನೋಡಿದನೇ ಹೊರತು ಯಾವ ಸೈಕಲ್ಲಿನದು ಎಂದು ನೋಡಲಿಲ್ಲ. ಬುಧವಾರ ಡಬ್ಬಿ ಬಿಚ್ಚಿದರೆ ಬಂದದ್ದು ರೋಡ್ ಸೈಕಲ್ಲಿನ ಶಿಫ್ಟರ್, ವೈರನ್ನು ಕಡಿಮೆ ಎಳೆಯುವಂಥದು. ಬದಲಿ ಬರಲು ಇನ್ನೊಂದು ವಾರ ಬೇಕಿತ್ತು.

ಇಷ್ಟು ವರ್ಷದ ಮಿಸ್ತ್ರಿಗೆ ಇದು ಹೊಂದುವುದಿಲ್ಲ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಕೈಗೆ ಗೊತ್ತಿತ್ತು, ಬಾಯಿ ಒಪ್ಪಲಿಲ್ಲ.

"ಇದೂ ಹತ್ತು, ಅದೂ ಹತ್ತು. ಹತ್ತಕ್ಕ ಹತ್ತು ಸರಿ ಹೋಗ್ತದ" ಎಂದು ವೈರನ್ನು ಬೋಲ್ಟಿನ ಇನ್ನೊಂದು ಬದಿಗೆ ಕಟ್ಟಿದ. ಹಾಗೆ ಕಟ್ಟಿದರೆ ಅಷ್ಟೇ ಎಳೆತಕ್ಕೆ ಡಿರೇಲರ್ ಸ್ವಲ್ಪ ಹೆಚ್ಚು ಸರಿಯುತ್ತದೆ. ಸ್ಟ್ಯಾಂಡಿನ ಮೇಲೆ ಪೆಡಲ್ ತಿರುಗಿಸಿದಾಗ ಹತ್ತೂ ಗೇರು ಬಿದ್ದವು. ಸ್ಟ್ಯಾಂಡಿನ ಮೇಲೆ ಏನು ಬೇಕಾದರೂ ಬೀಳುತ್ತದೆ ಬಿಡಿ, ಅಲ್ಲಿ ತುಳಿಯುವವರು ಯಾರೂ ಇರುವುದಿಲ್ಲ.

ಗುರುವಾರ ಬೆಳಿಗ್ಗೆ ಸೈಕಲ್ ತುಳಿಯಲು ಹೋದ ಆತಿಯಾ ಮೊಣಕಾಲು ಕೆತ್ತಿಸಿಕೊಂಡು ಬಂದಳು, ಬಂದವಳೇ ಅಪ್ಪನ ಮುಂದೆ ನಿಂತಳು.

"ಅಬ್ಬಾ, ನಡುವಿನ ಗೇರಿನ್ಯಾಗ ಚೈನು ಜಿಗಿಯಾಕತ್ತದ. ಏರು ಬಂದ್ರ ದೊಡ್ಡ ಚಕ್ರಕ್ಕ ಹತ್ತವಲ್ದು."

"ನಿನ್ನ ಕಾಲಿಂದು ತಪ್ಪು. ಒಮ್ಮೆಗೇ ಜೋರು ತುಳದ್ರ ಯಾವ ಗೇರೂ ಜಿಗೀತದ."

"ನನ್ನ ಕಾಲಿಂದಲ್ಲ. ಶಿಫ್ಟರಿಂದು. ಸೊಹೇಲ್ ಚಿಚ್ಚಾನ ಅಂಗಡ್ಯಾಗ ಇದರ ಜೋಡಿ ಅದ, ನಿಮಗೂ ಗೊತ್ತದ. ಕೇಳಿ ತರ್ರಿ."

"ಅವನ ಹೆಸರು ತೆಗೀಬ್ಯಾಡ!" ಕಲೀಮುಲ್ಲಾ ಕೈಯಲ್ಲಿದ್ದ ಪಾನಾವನ್ನು ನೆಲಕ್ಕೆ ಬಡಿದ. "ಈ ಅಂಗಡಿಗೆ ಆ ಕಡಿಯಿಂದ ಒಂದು ನಟ್ಟು ಬರಂಗಿಲ್ಲ."

ಶುಕ್ರವಾರವೂ ಚೈನು ಜಿಗಿಯಿತು. ಕಲೀಮುಲ್ಲಾ ವೈರು ಬಿಗಿ ಮಾಡಿದ, ಸಡಿಲ ಮಾಡಿದ, ತಿರುಪು ತಿರುಗಿಸಿದ, ಸೈಕಲ್ಲಿನ ಅಪ್ಪ ಅಜ್ಜರನ್ನೆಲ್ಲ ಬೈದ. ಮೇಲಿನ ಗೇರು ಸರಿ ಮಾಡಿದರೆ ಕೆಳಗಿನದು ಕೆಡುತ್ತಿತ್ತು. ಮಗಳು ಮೂಲೆಯಲ್ಲಿ ಕೂತು ಮೊಣಕಾಲಿಗೆ ಅರಿಶಿಣ ಹಚ್ಚಿಕೊಳ್ಳುತ್ತಿದ್ದಳು. ಬೈದಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಅರಿಶಿಣ ನೋಡಲಾಗದೆ ಎದ್ದು ಹೊರಗೆ ಬಂದು, ನಾಲ್ಕು ಹೆಜ್ಜೆ ನಡೆದು, ಎರಡು ವರ್ಷದಲ್ಲಿ ಮೊದಲ ಸಲ ತಮ್ಮನ ಅಂಗಡಿಯ ಮುಂದೆ ನಿಂತ. ಎದುರಿನ ಚಾದಂಗಡಿಯವರು ಗ್ಲಾಸು ಹಿಡಿದುಕೊಂಡೇ ಎದ್ದು ನಿಂತರು.

"ಹತ್ತು ಗೇರಿಂದು, ಗುಡ್ಡದ ಸೈಕಲ್ ಶಿಫ್ಟರ್ ಅದ ಏನ್ರಿ ನಿಮ್ಮ ಹತ್ರ?" ಎಂದ, ಯಾವುದೋ ಊರಿನ ಗಿರಾಕಿಯ ಹಾಗೆ.

ಸೊಹೇಲ್ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದವನು ತಲೆ ಎತ್ತಿದ. ಯಾವುದು, ಯಾಕೆ, ಎಲ್ಲ ಅವನಿಗೆ ಗೊತ್ತಿತ್ತು. ಪ್ಲೈವುಡ್ ಗೋಡೆಗೆ ಕಿವಿ ಇರುವುದಿಲ್ಲವೇ?

"ಅದ ರೀ."

"ಏನು ರೇಟು?"

"ಮಾರಾಕಿಲ್ರಿ ಅದು" ಎಂದ ಸೊಹೇಲ್. ಆಮೇಲೆ ದನಿ ತಗ್ಗಿಸಿದ. "ಗಿರಾಕಿಗೆ ಮಾರಂಗಿಲ್ಲ. ಅಣ್ಣ ಕೇಳಿದ್ರ ಹಂಗೇ ಕೊಡ್ತೀನಿ. ಮನಿ ಮಾತಿನ್ಯಾಗ ಕೇಳು, ನನ್ನ ಹೆಸರು ಹಿಡದು ಕೇಳು. ಅಷ್ಟ ಸಾಕು."

ಸೊಹೇಲ್, ದೇ ದೇ ರೇ, ಕೊಟ್ಟುಬಿಡೋ ಅನ್ನಬೇಕು. ಇಷ್ಟೇ ತಾನೇ? ಗಂಟಲಿನ ತನಕ ಬಂದಿತ್ತು ಕೂಡ. ಕಲೀಮುಲ್ಲಾ ಒಮ್ಮೆ ಚಾದಂಗಡಿಯ ಕಡೆ ನೋಡಿದ. ಅಲ್ಲಿ ಯಾರೋ ಕಿಸಕ್ಕೆಂದರು. ಮುಗಿಯಿತು, ಗಂಟಲಿನ ಮಾತು ಹೊಟ್ಟೆಗಿಳಿದು ಬೇರೆ ಮಾತು ಮೇಲೆ ಬಂತು.

"ನಿನ್ನ ಶಿಫ್ಟರ್ ನಿನ್ನ ಗೋರಿಗೆ ಇಟ್ಕೋ!"

ಸೊಹೇಲನ ಮುಖ ಬಿಳುಚಿತು. "ಗೋರಿ ಮಾತು ನೀನು ಆಡ್ತಿ? ನನ್ನ ಮುಂದ? ನಡಿ, ನಡಿ ಇಲ್ಲಿಂದ! ನಿನ್ನ ಮಗಳು ಸೋತು ಬಂದಾಗ ಇದೇ ಮಾತು ಆಕಿ ಮುಂದ ಹೇಳು."

ಸಂಜೆಯೊಳಗೆ ಇದು ಓಣಿಯೆಲ್ಲ ಹಬ್ಬಿತು. ಶಹಜಾದಿ ಬೇಗಂ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಹಿರಿಯ ಮಗನನ್ನು ತರಾಟೆಗೆ ತೆಗೆದುಕೊಂಡಳು. "ನಿನ್ನ ನಾಲಿಗಿಗೆ ಹುಳ ಬೀಳ್ಲಿ. ಬದುಕಿರೋ ತಮ್ಮಗ ಗೋರಿ ಮಾತಾಡ್ತಿ? ಆ ಹುಡುಗಿ ಅನ್ನ ಕಸಗೊಂಡು ನಿನಗೇನು ಬಂತು?" ಕಲೀಮುಲ್ಲಾ ಉಣ್ಣದೆ ಎದ್ದುಹೋದ.

ಶನಿವಾರ ಸಂಜೆ ಸ್ಟೇಡಿಯಮ್ಮಿನಿಂದ ಬೀರೇಶ ಮಾಸ್ತರರ ಟೆಂಪೊ ಹೊರಟಿತು. ಮಕ್ಕಳೂ ಸೈಕಲ್ಲುಗಳೂ ಅಂದೇ ದೇವದುರ್ಗಕ್ಕೆ ಹೋಗಿ ಅಲ್ಲೇ ಉಳಿಯುವುದೆಂದು ಗೊತ್ತಾಗಿತ್ತು. ಆತಿಯಾ ಅಪ್ಪನಿಗೆ ಬರ್ತೀನಿ ಎಂದು ಮಧ್ಯಾಹ್ನವೇ ಸೈಕಲ್ ತಳ್ಳಿಕೊಂಡು ಹೋಗಿದ್ದಳು.

ರವಿವಾರ ಬೆಳಿಗ್ಗೆ ಕಲೀಮುಲ್ಲಾ ಬೈಕಿನ ಹಿಂದೆ ಪಾನಾ, ಪಕ್ಕಡ್, ವೈರು ಎಲ್ಲ ಕಟ್ಟಿಕೊಂಡು ಅರಕೇರಾ ದಾಟಿ ಒಂದು ಏರಿನ ಮೇಲೆ ನಿಂತ. ಆ ದಾರಿಯಲ್ಲಿ ಸೈಕಲ್ಲಿನ ಬಂಡವಾಳ ಬಯಲಾಗುವುದು ಅಲ್ಲೇ. ಒಣ ಬಯಲು, ಎರಡೂ ಕಡೆ ತೊಗರಿ, ರಸ್ತೆ ಸೀದಾ ಮೇಲಕ್ಕೆ. ಇಲ್ಲಿ ಚೈನು ದೊಡ್ಡ ಚಕ್ರಕ್ಕೆ ಹತ್ತದಿದ್ದರೆ ಹುಡುಗಿಯ ಕಥೆ ಮುಗಿದ ಹಾಗೆ. ಯಾಕಾದರೂ ಆ ಗೋರಿ ಮಾತು ಅಂದೆನೋ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿತು, ಮರುಗಳಿಗೆ ತಮ್ಮನೇ ಕೊಡಬಾರದಿತ್ತೇ ಎಂದು ಸಿಟ್ಟು ಬಂತು.

ಹುಡುಗಿಯರ ಗುಂಪು ಕೆಳಗೆ ಕಾಣಿಸಿತು. ಆತಿಯಾ ಐದನೆಯವಳೋ ಆರನೆಯವಳೋ. ಏರು ಶುರುವಾಯಿತು. ಕಲೀಮುಲ್ಲಾ ರಸ್ತೆಯ ಅಂಚಿಗೆ ಬಂದು ಬಗ್ಗಿ ನಿಂತ. ಟಕ್. ಚೈನು ಒಂದು ಚಕ್ರ ಹತ್ತಿತು. ಟಕ್, ಇನ್ನೊಂದು. ಟಕ್, ಟಕ್, ಸೀದಾ ದೊಡ್ಡ ಚಕ್ರಕ್ಕೆ. ಎಲ್ಲೂ ಕರಕರ ಇಲ್ಲ, ಜಿಗಿತ ಇಲ್ಲ. ಹುಡುಗಿ ಸೀಟಿನ ಮೇಲೆ ಕೂತೇ ಇಬ್ಬರನ್ನು ಹಿಂದೆ ಹಾಕಿ ಅಪ್ಪನ ಮುಂದೆಯೇ ಏರು ಹತ್ತಿಹೋದಳು, ಅವನ ಕಡೆ ನೋಡಲಿಲ್ಲ.

ಆ ಸಪ್ಪಳ ಕೇಳಿದ ಕೂಡಲೇ ಕಲೀಮುಲ್ಲಾನಿಗೆ ತಿಳಿದುಹೋಯಿತು. ಅದು ತಾನು ಕಟ್ಟಿದ ಶಿಫ್ಟರ್ ಅಲ್ಲ. ಎದೆಯಲ್ಲಿ ಖುಷಿ ಉಕ್ಕಿತು, ಅದರ ಬೆನ್ನಿಗೇ ಅವಮಾನವೂ ಉಕ್ಕಿತು.

ಹಿಂದೆ ಬೈಕ್ ನಿಂತ ಸದ್ದಾಯಿತು. ಸೊಹೇಲ್! ಅವನಿಗೂ ಈ ಏರು ಗೊತ್ತಿತ್ತು, ಒಂದೇ ಅಪ್ಪನ ಹತ್ತಿರ ಕೆಲಸ ಕಲಿತವರಲ್ಲವೇ. ಇಳಿದವನು ಓಡೋಡಿ ಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು.

"ಭಾಯ್, ನೋಡಿದಿ? ಹೆಂಗ ಹತ್ತಿದ್ಲು! ನಿನ್ನ ಡಿರೇಲರ್, ನನ್ನ ಶಿಫ್ಟರ್!" ದಖನಿಯಲ್ಲೇ ಅಂದ, ಎರಡು ವರ್ಷದ ಮೇಲೆ. "ನಿನ್ನೆ ಆತಿಯಾ ಬಂದು ಹೇಳಿದ್ಲು. ಗೋರಿ ಮಾತಾಡಿದ್ದಕ್ಕ ನೀನು ಮನ್ಯಾಗ ಮುಖ ಮುಚ್ಚಿಗೊಂಡು ಅತ್ತೆಂತ. ಬಾಯಿ ಬಿಟ್ಟು ಕೇಳಾಕ ನಾಚಿಕಿ ಆಗಿ ಆಕಿನ್ನ ಕಳಿಸೀಯಂತ. ಅಷ್ಟ ಕೇಳಿ ನನ್ನ ಕರುಳು ಕಿತ್ತು ಬಂತು. ಸ್ಟೇಡಿಯಮ್ಮಿಗೇ ಹೋಗಿ ನಾನೇ ಫಿಟ್ ಮಾಡಿ ಬಂದೆ. ಆದದ್ದು ಆಗಿಹೋತು, ಭಾಯ್."

ಅಬ್ಬಬ್ಬಾ, ಹುಡುಗಿ ಎಂಥ ಸುಳ್ಳು ಕಟ್ಟಿದ್ದಳು! ಅದರಲ್ಲಿ ಕಲೀಮುಲ್ಲಾ ಮಾಡಬೇಕಾಗಿದ್ದದ್ದು ಏನೂ ಇರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ತಮ್ಮನೇ ಕೈ ಹಿಡಿದಿದ್ದ, ತಮ್ಮನೇ ಭಾಯ್ ಅಂದಿದ್ದ, ಮಗಳು ಮುಂದೆ ಹೋಗುತ್ತಿದ್ದಳು. ಇನ್ನು ಏನು ಬೇಕಿತ್ತು ಈ ಮನುಷ್ಯನಿಗೆ? ಆದರೆ ಅವನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ಅತ್ತೆಂತ ಅನ್ನುವುದು. ತಾನು ಅತ್ತೆನೆಂದು ಇವನು ನಂಬಿದ್ದಾನೆ. ನಾಳೆ ಬಜಾರಿನಲ್ಲೂ ಹೇಳುತ್ತಾನೆ.

ಕಲೀಮುಲ್ಲಾ ಕೈ ಕೊಡವಿಕೊಂಡ.

"ನಾ ಅಳೋದಾ? ನಿನ್ನ ಸಲುವಾಗಿ? ಆ ಹುಡುಗಿ ಸುಳ್ಳು ಹೇಳ್ಯಾಳ. ನಾ ಯಾರನ್ನೂ ಕಳಿಸಿಲ್ಲ, ಯಾರನ್ನೂ ಏನೂ ಕೇಳಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಹೇಲ್ ತನ್ನ ಖಾಲಿ ಕೈಗಳನ್ನು ನೋಡಿಕೊಂಡ. ಅವನ ಕಣ್ಣೀರು ಇನ್ನೂ ಒಣಗಿರಲಿಲ್ಲ. ಅದನ್ನು ತೋಳಿನಿಂದ ಒರೆಸಿಕೊಂಡು ಕನ್ನಡಕ್ಕೆ ತಿರುಗಿದ.

"ಹಂಗಾದ್ರ ನನ್ನ ಮಾಲು ನನಗ ಬೇಕ್ರಿ. ಈಗಿಂದೀಗ."

ಬೈಕಿನ ಕಿಕ್ ಒದ್ದವನೇ ಸಿರವಾರದ ಕಡೆ ಹೊರಟ. ಪಂದ್ಯದ ನಡುವೆ ಹುಡುಗಿಯನ್ನು ನಿಲ್ಲಿಸಿಬಿಟ್ಟರೆ? ಕಲೀಮುಲ್ಲಾನೂ ಬೈಕ್ ಹತ್ತಿದ.

ಸಿರವಾರ ದಾಟಿದ ಮೇಲೆ ಕಾಲುವೆಯ ಪಕ್ಕ ಅವಳು ಸಿಕ್ಕಳು. ಮುಂದೆ ಮೂವರಿದ್ದರು, ಇವಳು ನಾಲ್ಕನೆಯವಳು. ಬಲಗಡೆ ಸೊಹೇಲ್ ಬಂದ, ಎಡಗಡೆ ರಸ್ತೆಯ ಅಂಚಿಗೆ ಗಾಡಿ ನುಗ್ಗಿಸಿ ಕಲೀಮುಲ್ಲಾ ಬಂದ.

"ನಿಲ್ಲು, ಆತಿಯಾ! ಸುಳ್ಳು ಹೇಳಿ ಒಯ್ದಿ, ನನ್ನ ಶಿಫ್ಟರ್ ಬಿಚ್ಚು!"

"ನಿಲ್ಲಬ್ಯಾಡ! ಅವನ ಮಾತು ಕೇಳಬ್ಯಾಡ! ಲೇ, ಆಕಿನ್ನ ಮುಟ್ಟಿದ್ರ ಕೈ ಮುರೀತೀನಿ!"

"ಮುರಿಯಲೇ ನೋಡ್ತೀನಿ! ಅಪ್ಪನ ಮಣ್ಣು ಕಸಗೊಂಡ ಕೈ ನಿಂದು!"

ಭತ್ತ ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಎರಡು ಬೈಕುಗಳ ನಡುವೆ ಸಿಕ್ಕ ಹುಡುಗಿ ಒಮ್ಮೆ ಬಲಕ್ಕೆ ನೋಡಿದಳು, ಒಮ್ಮೆ ಎಡಕ್ಕೆ ನೋಡಿದಳು. ಕಲೀಮುಲ್ಲಾ ಆ ಮುಖವನ್ನು ಹತ್ತಿರದಿಂದ ಕಂಡ. ಭಯವಿರಲಿಲ್ಲ ಅಲ್ಲಿ, ಅಸಹ್ಯವಿತ್ತು. ಅವಳು ತಲೆ ತಗ್ಗಿಸಿ ಬೆರಳಿನಿಂದ ಗೇರು ಬದಲಿಸಿದಳು, ಎದ್ದು ನಿಂತು ತುಳಿದಳು. ಅದು ಪಂದ್ಯ ಗೆಲ್ಲುವ ತುಳಿತವಲ್ಲ, ಇವರಿಬ್ಬರಿಂದ ತಪ್ಪಿಸಿಕೊಳ್ಳುವ ತುಳಿತ. ಹಿಂದಿನಿಂದ ಜೀಪಿನಲ್ಲಿ ಬಂದ ಬೀರೇಶ ಮಾಸ್ತರರು ಹಾರ್ನ್ ಹೊಡೆದು ಎರಡೂ ಬೈಕುಗಳನ್ನು ರಸ್ತೆಯಿಂದ ಕೆಳಗಿಳಿಸಿದರು.

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ಇನ್ನೊಮ್ಮೆ ಹತ್ರ ಬಂದ್ರ ಆಕಿನ್ನ ಪಂದ್ಯದಿಂದ ತೆಗೀತಾರ, ತಿಳೀತಾ?"

ಇಬ್ಬರೂ ಜೀಪಿನ ಧೂಳು ಕುಡಿಯುತ್ತ ಹಿಂದೆ ಬಂದರು.

ಮಾನ್ವಿಯಲ್ಲಿ ಜನ ಸೇರಿದ್ದರು. ಆತಿಯಾ ಎರಡನೆಯವಳಾಗಿ ಮುಟ್ಟಿದ್ದಳು. ಯಾರೋ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು, ಅವಳಿನ್ನೂ ಸೈಕಲ್ಲಿಗೆ ಆತುಕೊಂಡು ಏದುಸಿರು ಬಿಡುತ್ತಿದ್ದಳು. ಸೊಹೇಲ್ ಜನರನ್ನು ತಳ್ಳಿಕೊಂಡು ಹೋದ, ಯಾರು ಏನು ಎನ್ನುವ ಮೊದಲೇ ಪಕ್ಕಡಿನಿಂದ ಗೇರಿನ ವೈರನ್ನು ಕಟ್ಟೆಂದು ಕತ್ತರಿಸಿ, ಶಿಫ್ಟರಿನ ಬೋಲ್ಟು ಬಿಚ್ಚಿ ಜೇಬಿಗಿಳಿಸಿದ. ಅವಳು ತಡೆಯಲಿಲ್ಲ, ಹ್ಯಾಂಡಲ್ ಅಲ್ಲಾಡದ ಹಾಗೆ ಹಿಡಿದುಕೊಂಡು ಸಹಾಯವನ್ನೇ ಮಾಡಿದಳು.

"ನೋಡು, ನೋಡು ಆ ನೀಚನ ಕೆಲಸ!" ಕಲೀಮುಲ್ಲಾ ಮುಂದೆ ಬಂದು ಮಗಳ ಹೆಗಲ ಮೇಲೆ ಕೈ ಇಟ್ಟ. "ಹೋಗ್ಲಿ ಬಿಡು ಬೇಟಾ. ಸೀಟು ಸಿಕ್ತು. ನಾ ನಿನಗ ಇದಕ್ಕಿಂತ ಚಲೋ ಶಿಫ್ಟರ್ ತರಿಸಿ ಕೊಡ್ತೀನಿ. ನಮ್ಮ ಅಂಗಡಿ ಗೇರಿನ ಮ್ಯಾಲೇ ಹಾಸ್ಟೆಲ್ಲಿಗಿ ಹೋಗ್ತಿ ನೀನು."

ಆತಿಯಾ ಅವನ ಕೈಯನ್ನು ಹೆಗಲಿನಿಂದ ಮೆಲ್ಲಗೆ ತೆಗೆದಳು. ಸೈಕಲ್ಲನ್ನು ಅವನ ಮೈಗೆ ಒರಗಿಸಿ ನಿಲ್ಲಿಸಿದಳು. ಆಮೇಲೆ ಬೀರೇಶ ಮಾಸ್ತರರ ಕಡೆ ತಿರುಗಿ ಕೇಳಿದಳು.

"ಸರ, ಹಾಸ್ಟೆಲ್‌ನ್ಯಾಗ ಅವರದೇ ಸೈಕಲ್ ಕೊಡ್ತಾರಲ್ರಿ?"

"ಕೊಡ್ತಾರವ್ವ. ಎಲ್ಲಾ ಅವರೇ ಕೊಡ್ತಾರ. ಮುಂದಿನ ತಿಂಗಳು ಕರೀತಾರ, ಅಲ್ಲೀತನಕ ಮನ್ಯಾಗ ಆರಾಮ ಇರು."

"ಇವತ್ತೇ ಹೋಗಾಕ ಬರಂಗಿಲ್ಲೇನ್ರಿ?" ಎಂದಳು ಆತಿಯಾ.